ಒಂದು ಶಿಫಾರಸು ಪತ್ರ

ಮೊನ್ನೆ ಅಕ್ಕನ ಮಗಳು ಮೊಬೈಲಲ್ಲಿ ಒಂದು ಅರ್ಜಿ ತೋರಿಸಿದಳು. ಸೈಕಿಯಾಟ್ರಿ ಎಂ.ಡಿ. ಮುಗಿಸಿದವಳು, ನಮ್ಮ ಕೇರಿಯ ಮೊದಲ ಡಾಕ್ಟರು. ಯುವ ಮನೋವೈದ್ಯರಿಗೆ ಸಂಶೋಧನೆಗೆ ಕೊಡೋ ಮೆಂಟರ್‌ಶಿಪ್ ಪ್ರಶಸ್ತಿ ಅದು. ಹಿರಿಯ ಪ್ರೊಫೆಸರೊಬ್ಬರು ಜೊತೆಗಿದ್ದು ಪ್ರಶ್ನೆ ರೂಪಿಸೋದು, ಪೇಪರ್ ಬರೆಯೋದು, ಅನುದಾನಕ್ಕೆ ಅರ್ಜಿ ಹಾಕೋದು ಕಲಿಸ್ತಾರೆ.

"ಎಲ್ಲಾ ತುಂಬಿದೀನಿ ಮಾವ, ಗೈಡ್ ಶಿಫಾರಸು ಪತ್ರ ಒಂದೇ ಬಾಕಿ" ಅಂದಳು. ಮೂರು ಸಲ ಕೇಳಿದಾಗಲೂ 'ಆಮೇಲೆ ನೋಡೋಣ' ಅಂದರಂತೆ. ಜೊತೆಯವರಿಗೆ ಅದೇ ವಾರ ಸಿಕ್ಕಿದೆ.

ನಾನು ಇಪ್ಪತ್ತು ವರ್ಷದಿಂದ ಗುಮಾಸ್ತ. 'ಆಮೇಲೆ ನೋಡೋಣ' ಅಂದ ಫೈಲು ಎಲ್ಲಿಗೆ ಹೋಗುತ್ತೆ ಅಂತ ಗೊತ್ತು.

ದೆಹಲಿಯ ಏಮ್ಸ್ ಬಗ್ಗೆ ಥೋರಟ್ ಸಮಿತಿ 2007ರಲ್ಲೇ ವರದಿ ಕೊಟ್ಟಿದೆ. ಬೇರೆಯವರಿಗೆ ಸಿಗುವಷ್ಟು ಬೆಂಬಲ ಬೋಧಕರಿಂದ ನಮಗೆ ಸಿಗ್ತಿಲ್ಲ ಅಂತ ದಲಿತ, ಆದಿವಾಸಿ ವಿದ್ಯಾರ್ಥಿಗಳು ಅದರಲ್ಲಿ ಹೇಳಿದಾರೆ. ಬಾಬಾಸಾಹೇಬರ ಸಂವಿಧಾನದಿಂದ ಸೀಟು ಸಿಕ್ತು. ಗುರುವಿನ ಮನಸ್ಸಿಗೆ ಮೀಸಲಾತಿ ಇಲ್ಲವಲ್ಲ! ಅಮೆರಿಕದ ಮನೋವೈದ್ಯರ ಸಂಘ 1970ರ ದಶಕದಲ್ಲೇ ಕಪ್ಪು ಮತ್ತಿತರ ಅಲ್ಪಸಂಖ್ಯಾತ ಸಮುದಾಯಗಳ ಯುವ ವೈದ್ಯರಿಗಾಗಿ ಫೆಲೋಶಿಪ್ ಶುರು ಮಾಡಿತು. ನಮ್ಮಲ್ಲೂ ಅಂಥದ್ದು ಬೇಕು. ಮೆಂಟರನ್ನ ಹುಡುಕಿಕೊಡುವ ಹೊಣೆ ಪ್ರಶಸ್ತಿ ಕೊಡುವವರದ್ದೇ ಆಗಬೇಕು.

ಅವಳು ಕೇಳಬೇಕು ಅಂತಿರೋ ಪ್ರಶ್ನೆ ಏನು ಗೊತ್ತಾ? ಮ್ಯಾನ್‌ಹೋಲಲ್ಲಿ ಗಂಡನನ್ನ ಕಳಕೊಂಡ ಹೆಂಗಸರಿಗೆ ರಾತ್ರಿ ನಿದ್ದೆ ಬರುತ್ತಾ ಅಂತ. ಅವಳು ಕೇಳದಿದ್ದರೆ ಇನ್ಯಾರು ಕೇಳ್ತಾರೆ?

ಗಡುವಿಗೆ ಒಂಬತ್ತು ದಿನ ಇದೆ. ದಾರಿ ತೋರಿಸಬಲ್ಲ ಹಿರಿಯ ಮನೋವೈದ್ಯರು ಯಾರಾದರೂ ಇದನ್ನ ಓದ್ತಿದ್ದರೆ ದಯವಿಟ್ಟು ಇನ್‌ಬಾಕ್ಸಿಗೆ ಬನ್ನಿ.

ಜೈ ಭೀಮ್.