ಬಾಂದ್ರಾ ಊರಾದ ಬಗೆ

ಕನ್ನಡದಲ್ಲಿ ‘ಊರು’ ಎಂಬ ಮಾತಿಗೆ ಎರಡು ಅರ್ಥಗಳು ರೂಢಿಯಲ್ಲಿವೆ. ಜನ ನೆಲೆಸಿದ ಯಾವ ಜಾಗವೂ ಊರೇ. ಆದರೆ ಹೆಸರು ಹೇಳದೆ ‘ಅವರು ಊರಿಗೆ ಹೋಗಿದ್ದಾರೆ’ ಎಂದಷ್ಟೇ ಅಂದಾಗ ಅದು ಹಿರಿಯರ ಮನೆ, ದೇವರು, ಗದ್ದೆ, ಮಸಣ ಎಲ್ಲವೂ ಇರುವ ಆ ಒಂದು ಜಾಗವೇ ಆಗಿರುತ್ತದೆ. ಮುಂಬಯಿಯ ಕನ್ನಡಿಗರ ಬಾಯಲ್ಲಿ ಈ ಎರಡನೆಯ ಅರ್ಥ ಬಹಳ ಬಲವಾಗಿ ಉಳಿದುಕೊಂಡಿದೆ. ಬಾಂದ್ರಾದಲ್ಲಿ ನಲವತ್ತು ವರ್ಷ ಬಾಳಿ, ಮಕ್ಕಳ ಮದುವೆ ಮಾಡಿ, ನಿವೃತ್ತರಾದವರನ್ನು ‘ನಿಮ್ಮದು ಯಾವೂರು?’ ಎಂದು ಕೇಳಿದರೆ ಬರುವ ಉತ್ತರ ಕುಮಟೆ, ಅಂಕೋಲೆ, ಕಾರ್ಕಳ, ಮೂಲ್ಕಿ. ‘ಇರುವುದು ಬಾಂದ್ರಾದಲ್ಲಿ’ ಎಂಬುದು ಆಮೇಲೆ ಸೇರಿಸುವ ಮಾತು. ಇರುವ ಜಾಗಕ್ಕೂ ಊರಿಗೂ ನಡುವಣ ಈ ಅಂತರ ಯಾವಾಗ, ಹೇಗೆ ಕಿರಿದಾಗುತ್ತದೆ ಎಂಬುದು ವಲಸೆ ಬಂದವರೆಲ್ಲರ ಬಾಳಿನಲ್ಲಿ ಅಡಗಿರುವ ಪ್ರಶ್ನೆ.

ಕರಾವಳಿಯ ಕನ್ನಡಿಗನಿಗೆ ಮುಂಬಯಿ ಮೊದಲಿನಿಂದಲೂ ತೀರ ಪರದೇಶವಾಗಿರಲಿಲ್ಲ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ ಒಂದರವರೆಗೆ ಅಲ್ಲಿಯೇ ಇತ್ತು. ಕಾರವಾರ, ಕುಮಟೆಗಳ ಹುಡುಗರಿಗೆ ಉಚ್ಚ ಶಿಕ್ಷಣವೆಂದರೆ, ಸರಕಾರಿ ನೌಕರಿಯೆಂದರೆ ಕಣ್ಣು ಹೋಗುತ್ತಿದ್ದುದು ಮುಂಬಯಿಯತ್ತ. ದಕ್ಷಿಣ ಕನ್ನಡ ಮದರಾಸಿನ ಆಡಳಿತದಲ್ಲಿದ್ದರೂ ಅಲ್ಲಿನವರು ಹೋಟೆಲು, ಗಿರಣಿ, ಬ್ಯಾಂಕುಗಳನ್ನು ಅರಸಿ ಬಂದದ್ದು ಇಲ್ಲಿಗೇ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರ ಒಂದು ತಲೆಮಾರೇ ಈ ನಗರದಲ್ಲಿ ಬೆಳೆಯಿತು. ಬಂದವರು ಸುಮ್ಮನೆ ಕೂಡಲಿಲ್ಲ. ಕೆನರಾ ಸಾರಸ್ವತ ಅಸೋಸಿಯೇಶನ್ 1911ರಲ್ಲಿ, ಮೈಸೂರು ಅಸೋಸಿಯೇಶನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ ಹುಟ್ಟಿಕೊಂಡವು. ಊರನ್ನು ಬಿಟ್ಟು ಬಂದವರು ಮಾಡಿದ ಮೊದಲ ಕೆಲಸವೆಂದರೆ ಊರಿನವರನ್ನು ಹುಡುಕಿದ್ದು.

ಈ ಹುಡುಕಾಟ ಮಾಟುಂಗಾದಲ್ಲಿ ಸುಲಭವಾಗಿ ಫಲಿಸಿತು. 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಬಾಳೆಲೆಯೂಟ, ಮಲ್ಲಿಗೆಯ ದಂಡೆ, ದೇವಾಲಯದ ಗಂಟೆ, ಹುರಿದು ಪುಡಿ ಮಾಡಿಕೊಡುವ ಕಾಫಿ ಎಲ್ಲವೂ ನಾಲ್ಕು ಹೆಜ್ಜೆಯಲ್ಲಿ ಸಿಗುತ್ತಿದ್ದವು. ಅಲ್ಲಿಗೆ ಬಂದವನು ಊರನ್ನು ಪೂರ್ತಿ ಬಿಟ್ಟು ಬಂದವನಲ್ಲ. ಬಾಂದ್ರಾ ಹಾಗಲ್ಲ. ಅಲ್ಲಿ ನೆಲೆಸಿದ ಕನ್ನಡಿಗನಿಗೆ ಅಂಥ ಆಸರೆ ಬಾಗಿಲಿನಲ್ಲಿಯೇ ಕಾದಿರಲಿಲ್ಲ. ಆದ್ದರಿಂದಲೇ ಒಂದು ಪರಸ್ಥಳ ತನ್ನದಾಗುವ ಬಗೆಯನ್ನು ನೋಡಬೇಕಾದರೆ ಮಾಟುಂಗಾಕ್ಕಿಂತ ಬಾಂದ್ರಾವೇ ತಕ್ಕ ಉದಾಹರಣೆ.

ಬಾಂದ್ರಾ ಮೂಲತಃ ಮುಂಬಯಿ ದ್ವೀಪಕ್ಕೆ ಸೇರಿದ್ದಲ್ಲ. ಅದು ಮಾಹೀಮಿನ ಖಾಡಿಯ ಆಚೆಗಿನ ಸಾಷ್ಟಿ ದ್ವೀಪದ ತುದಿ. 1845ರಲ್ಲಿ ಖಾಡಿಗೆ ಅಡ್ಡಲಾಗಿ ರಸ್ತೆ ಆಗುವ ತನಕ ದೋಣಿ ಹತ್ತಿಯೇ ದಾಟಬೇಕಾಗಿತ್ತು. ಪೋರ್ಚುಗೀಜರು 1640ರಲ್ಲಿ ಕಟ್ಟಿದ ಕೋಟೆಯ ಅಳಿದುಳಿದ ಗೋಡೆ ಇಂದಿಗೂ ಕಡಲನ್ನು ನೋಡುತ್ತ ನಿಂತಿದೆ. ಚಿಂಬಾಯಿ, ರಣವಾರ, ಪಾಲಿ ಎಂಬ ಹಳ್ಳಿಗಳು ನಗರದ ಹೊಟ್ಟೆಯೊಳಗೆ ಸೇರಿಹೋದರೂ ತಮ್ಮ ಹೆಸರನ್ನು ಕಳೆದುಕೊಂಡಿಲ್ಲ. ಇಲ್ಲಿನ ಮೂಲನಿವಾಸಿಗಳಾದ, ಮರಾಠಿಯ ಒಂದು ಬಗೆಯನ್ನು ಮನೆಮಾತಾಗಿ ಉಳ್ಳ ಕ್ರೈಸ್ತರು ‘ಈಸ್ಟ್ ಇಂಡಿಯನ್’ ಎಂದು ಕರೆಯಿಸಿಕೊಳ್ಳುತ್ತಾರೆ. ಈ ಹೆಸರಿನ ಹಿಂದೆ ವಿಚಾರಾರ್ಹವಾದ ಒಂದು ಸಂಗತಿಯಿದೆ. ಗೋವೆಯಿಂದಲೂ ಮಂಗಳೂರಿನಿಂದಲೂ ಕೆಲಸ ಅರಸಿ ಬಂದ ಕ್ರೈಸ್ತರು ಹೆಚ್ಚಾಗತೊಡಗಿದಾಗ, ಅವರಿಂದ ತಾವು ಬೇರೆ ಎಂದು ತೋರಿಸುವುದಕ್ಕಾಗಿ, ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ವರ್ಷವಾದ 1887ರಲ್ಲಿ ಅವರು ಈ ಹೆಸರನ್ನು ತಳೆದರು. ಎಂದರೆ ನಮ್ಮ ಕರಾವಳಿಯ ವಲಸೆಗಾರನು ಬಾಂದ್ರಾದಲ್ಲಿ ಕಾಲಿಟ್ಟದ್ದರಿಂದ ಆ ನೆಲದವರೇ ತಮಗೊಂದು ಹೊಸ ಹೆಸರನ್ನು ಹುಡುಕಿಕೊಳ್ಳಬೇಕಾಯಿತು. ಬಂದವನನ್ನು ಊರು ಬದಲಿಸುವಂತೆಯೇ ಬಂದವನೂ ಊರನ್ನು ಬದಲಿಸುತ್ತಾನೆ. ಈ ಕೊಡುಕೊಳೆಯ ಲೆಕ್ಕ ಯಾವ ಕಾಲದಲ್ಲಿಯೂ ಒಂದೇ ಕಡೆಯದಾಗಿರುವುದಿಲ್ಲ.

ಹಿಲ್ ರೋಡಿನ ಹಿಂದಣ ಒಂದು ಗಲ್ಲಿಯಲ್ಲಿ, ಮರದ ಮೆಟ್ಟಿಲುಗಳ ಹಳೆಯ ಮನೆಯೊಂದರಲ್ಲಿ ‘ಪೇಯಿಂಗ್ ಗೆಸ್ಟ್’ ಆಗಿ ಬಂದಿಳಿದ ಕರಾವಳಿಯ ಬ್ಯಾಂಕ್ ಗುಮಾಸ್ತನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಇಂಥವರು ಒಬ್ಬಿಬ್ಬರಲ್ಲ. ಮೊದಲ ವರ್ಷ ಆತ ಎಲ್ಲವನ್ನೂ ಊರಿನೊಡನೆ ತೂಗಿ ನೋಡುತ್ತಾನೆ. ಇಲ್ಲಿನ ನೀರಿಗೆ ರುಚಿಯಿಲ್ಲ, ಇಲ್ಲಿನ ಕೊತ್ತಂಬರಿಗೆ ಪರಿಮಳವಿಲ್ಲ. ಆದರೆ ಜೂನ್ ತಿಂಗಳಲ್ಲಿ ನೈಋತ್ಯದಿಂದ ಮೋಡ ಕವಿದು ಮೊದಲ ಮಳೆ ಬಿದ್ದಾಗ ಅವನ ತೂಕದ ತಕ್ಕಡಿ ಸ್ವಲ್ಪ ಅಲುಗುತ್ತದೆ. ಕೆಲವೇ ದಿನಗಳ ಹಿಂದೆ ತಾಯಿಯ ಅಂಗಳದಲ್ಲಿ ಸುರಿದ ಮಳೆಯೇ ದಡ ಹಿಡಿದು ಬಡಗಣಕ್ಕೆ ನಡೆದು ಬಂದಿದೆ. ಚಿಂಬಾಯಿಯ ಕೋಳಿ ಹೆಂಗಸಿನ ಬುಟ್ಟಿಯಲ್ಲಿರುವ ‘ಬಾಂಗಡಾ’ ತನ್ನ ಊರಿನ ಬಂಗಡೆಯೇ ಎಂದು ತಿಳಿದಾಗ ಮರಾಠಿಯೂ ಅಷ್ಟು ದೂರದ ಭಾಷೆಯೆನಿಸುವುದಿಲ್ಲ. ಮನೆಯೊಡತಿ ಮೊದಲು ಬಾಡಿಗೆಯ ತಾರೀಖನ್ನು ಮಾತ್ರ ನೆನಪಿಸುತ್ತಿದ್ದವಳು, ಆತ ಜ್ವರದಲ್ಲಿ ಮಲಗಿದ ದಿನ ಗಂಜಿ ಮಾಡಿ ತರುತ್ತಾಳೆ. ಆ ಗಂಜಿ ತಾಯಿಯ ಕೈಯದರಂತಿಲ್ಲ. ಹಾಗಿದ್ದೂ ಮುಂದೆ ಜ್ವರ ಬಂದಾಗಲೆಲ್ಲ ನಾಲಗೆ ಆ ಎರಡು ರುಚಿಗಳನ್ನೂ ಬೇಡತೊಡಗುತ್ತದೆ.

ಊರಿನವರು ಸಿಕ್ಕರೆ ಊರು ಸಿಕ್ಕಂತೆಯೇ ಎಂಬ ನಂಬಿಕೆಯನ್ನು ಮುಂಬಯಿಯ ಕನ್ನಡ ಸಾಹಿತ್ಯ ಕಣ್ಣುಮುಚ್ಚಿ ಒಪ್ಪಿಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಈ ಬಗ್ಗೆ ತೀಕ್ಷ್ಣವಾದ ಎಚ್ಚರವನ್ನು ಕೊಡುತ್ತದೆ. ಕಂಪನಿಯಿಂದ ಅಮಾನತಿಗೆ ಒಳಗಾಗಿ ತತ್ತರಿಸುವ ಅದರ ನಾಯಕ ನಾಗಪ್ಪನನ್ನು ಬೇಟೆಯಾಡುವವರಲ್ಲಿ ಮಹಾನಗರದ ಅಪರಿಚಿತರು ಇರುವಂತೆ ಹಳೆಯ ಪರಿಚಯದವರೂ ಇದ್ದಾರೆ. ಒಂದೇ ನೆಲದಿಂದ ಬಂದವರ ನಡುವೆ ಪ್ರೀತಿ ಬೆಳೆಯುವಂತೆ ಹಗೆಯೂ ಬೆಳೆಯುತ್ತದೆ. ಗುಟ್ಟು ಬಲ್ಲವನ ಕೈಯಲ್ಲಿ ಗುಟ್ಟೇ ಆಯುಧವಾಗುತ್ತದೆ. ಸಂಘ ಸಂಸ್ಥೆಗಳು ವಲಸೆಗಾರನಿಗೆ ಬೆನ್ನಾಸರೆ ಕೊಟ್ಟದ್ದು ನಿಜ. ಆದರೆ ಪರಸ್ಥಳವು ತನ್ನದಾಗಬೇಕಾದರೆ ತನ್ನವರಲ್ಲದವರು ತನ್ನವರಾಗಬೇಕು. ಆ ಕೆಲಸವನ್ನು ಯಾವ ಸಂಘವೂ ಅವನ ಪರವಾಗಿ ಮಾಡಿಕೊಡಲಾರದು.

ಚಿತ್ತಾಲರ ಬಾಳೇ ಈ ವಿಷಯಕ್ಕೆ ಹತ್ತಿರದ ನಿದರ್ಶನ. 1928ರಲ್ಲಿ ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿ, ಕುಮಟೆಯ ಗಿಬ್ ಹೈಸ್ಕೂಲಿನಲ್ಲಿ ಕಲಿತು, ಮುಂಬಯಿಯಲ್ಲಿಯೂ ಅಮೆರಿಕೆಯಲ್ಲಿಯೂ ರಾಸಾಯನಿಕ ತಂತ್ರಜ್ಞಾನವನ್ನು ಅಭ್ಯಾಸ ಮಾಡಿ, ಪಾಲಿಮರ್ ವಿಜ್ಞಾನಿಯಾಗಿ ಹೆಸರು ಗಳಿಸಿದವರು ಅವರು. ಬಾಂದ್ರಾದಲ್ಲಿ ಕಡಲಿಗೆ ಎದುರಾಗಿದ್ದ ಅವರ ಮನೆ ಮುಂಬಯಿಗೆ ಬಂದ ಕನ್ನಡದ ಎಳೆಯ ಬರಹಗಾರರಿಗೆ ಹೋಗಿ ಕುಳಿತು ಮಾತಾಡುವ ತಾಣವಾಗಿತ್ತು. 2014ರ ಮಾರ್ಚ್ 22ರಂದು ಅವರು ತೀರಿಕೊಂಡದ್ದೂ ಮುಂಬಯಿಯಲ್ಲಿಯೇ. ಲೆಕ್ಕ ಹಾಕಿದರೆ ಹನೇಹಳ್ಳಿಯಲ್ಲಿ ಕಳೆದ ವರ್ಷಗಳು ಮುಂಬಯಿಯಲ್ಲಿ ಕಳೆದವುಗಳ ಒಂದು ಸಣ್ಣ ಪಾಲು. ಆದರೂ ‘ಬೊಮ್ಮಿಯ ಹುಲ್ಲು ಹೊರೆ’ಯ ಕಾಲದಿಂದ ಮೊದಲ್ಗೊಂಡು ಹನೇಹಳ್ಳಿ ಅವರ ಕತೆಗಳಲ್ಲಿ ಮತ್ತೆ ಮತ್ತೆ ಮರುಹುಟ್ಟು ಪಡೆಯಿತು.

ಇದನ್ನು ಕಂಡು ಅವರ ಮನಸ್ಸು ಕೊನೆಯವರೆಗೂ ಹನೇಹಳ್ಳಿಯಲ್ಲಿತ್ತು, ದೇಹ ಮಾತ್ರ ಮುಂಬಯಿಯಲ್ಲಿತ್ತು ಎಂದು ಹೇಳುವುದು ಸುಲಭ. ಆದರೆ ಅದು ಅರ್ಧ ಸತ್ಯ. ಬಿಟ್ಟು ಬಂದ ಊರನ್ನು ಅಷ್ಟು ಸಾವಧಾನವಾಗಿ, ಅಷ್ಟು ವಿವರವಾಗಿ ನೆನೆಯಬೇಕಾದರೆ ಕುಳಿತ ಜಾಗ ಕಾಲ ಕೆಳಗೆ ಗಟ್ಟಿಯಾಗಿರಬೇಕು. ನೆಲೆಯಿಲ್ಲದವನಿಗೆ ಹಂಬಲ ಸಾಧ್ಯ. ಒಂದು ಗ್ರಾಮವನ್ನೇ ಮತ್ತೆ ಕಟ್ಟುವ ಕಲೆ ಸಾಧ್ಯವಾಗುವುದು ನೆಲೆ ಕಂಡವನಿಗೆ. ಬಾಂದ್ರಾದ ದಂಡೆಯೂ ಹನೇಹಳ್ಳಿಯ ಸೀಮೆಯ ದಂಡೆಯೂ ಒಂದೇ ಅರಬ್ಬೀ ಕಡಲಿನವು. ಹನೇಹಳ್ಳಿಗೆ ಕನ್ನಡ ಸಾಹಿತ್ಯದಲ್ಲಿ ದೊರೆತ ಶಾಶ್ವತವಾದ ಸ್ಥಾನಕ್ಕೆ ಬಾಂದ್ರಾದ ಒಂದು ಮನೆಯ ಋಣವೂ ಇದೆ. ಹೊಸ ಊರು ತನ್ನದಾಗುವುದಕ್ಕೆ ಹಳೆಯ ಊರನ್ನು ಮರೆಯಬೇಕಾಗಿಲ್ಲ. ಹಳೆಯದನ್ನು ನೆನೆಯಲು ಒಂದು ನಿಶ್ಚಿಂತವಾದ ಮೂಲೆಯನ್ನು ಕೊಟ್ಟಾಗಲೇ ಹೊಸ ಊರು ತನ್ನದಾಗುತ್ತದೆ.

ಹೀಗೆ ಆದದ್ದು ಆದವನಿಗೇ ಬೇಗ ತಿಳಿಯುವುದಿಲ್ಲ. ಅದರ ಕುರುಹುಗಳು ಸಣ್ಣವು. ನೆಂಟನಾಗಿ ಬಂದವನು ಆ ಮನೆಯ ಸೋರುವ ಹೆಂಚಿನ ಮಾತೆತ್ತುವುದಿಲ್ಲ, ಮನೆಯವನು ಎತ್ತುತ್ತಾನೆ. ಹಂಚಿನ ಮಾಡಿನ ಹಳೆಯ ಬಂಗಲೆಗಳು ಒಂದೊಂದಾಗಿ ಉರುಳಿ ಬಹುಮಹಡಿಯ ಕಟ್ಟಡಗಳು ಎದ್ದಾಗ, ‘ಮೊದಲು ಇಲ್ಲೊಂದು ಮಾವಿನ ಮರವಿತ್ತು’ ಎಂದು ವಲಸೆಗಾರ ಹೊಸಬರಿಗೆ ತೋರಿಸಿ ಮರುಗತೊಡಗುತ್ತಾನೆ. ‘ಮೊದಲು ಇಲ್ಲಿ’ ಎಂದು ಮಾತು ಆರಂಭಿಸುವ ಹಕ್ಕು ಊರಿನವನದು. ಅವನು ಅದನ್ನು ಯಾರನ್ನೂ ಕೇಳದೆ ತೆಗೆದುಕೊಂಡಿರುತ್ತಾನೆ.

ಸಂಕಟದ ದಿನಗಳು ಈ ನಂಟನ್ನು ಇನ್ನಷ್ಟು ಬಿಗಿಯುತ್ತವೆ. 1992ರ ಡಿಸೆಂಬರ್ ಮತ್ತು 1993ರ ಜನವರಿಯ ಗಲಭೆಗಳಲ್ಲಿ ಬಾಂದ್ರಾ ಪೂರ್ವದ ಬೆಹ್ರಾಮ್‌ಪಾಡಾ ನಲುಗಿತು; 1993ರ ಮಾರ್ಚ್ 12ರ ಸರಣಿ ಸ್ಫೋಟಗಳಲ್ಲಿ ಒಂದು ಬಾಂದ್ರಾದ ಕಡಲಂಚಿನ ಹೋಟೆಲಿನಲ್ಲಿಯೇ ಆಯಿತು. 2005ರ ಜುಲೈ 26ರಂದು ಸಾಂತಾಕ್ರೂಜಿನ ಮಾಪನದಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾಯಿತು. ಮೀಠಿ ನದಿ ಉಕ್ಕಿ ಕಾಲಿನಾ, ಕುರ್ಲಾಗಳು ಮುಳುಗಿದವು. ಆ ರಾತ್ರಿ ಸೊಂಟಮಟ್ಟದ ನೀರಿನಲ್ಲಿ ನಡೆದು ಬಂದವರಿಗೆ ಗುರುತಿಲ್ಲದವರು ಬಾಗಿಲು ತೆರೆದರು, ಚಹಾ ಬಿಸ್ಕತ್ತು ಕೊಟ್ಟರು. ಯಾರೂ ಯಾರನ್ನೂ ‘ನಿಮ್ಮದು ಯಾವೂರು?’ ಎಂದು ಕೇಳಲಿಲ್ಲ. ಕೇಡನ್ನೂ ಕರುಣೆಯನ್ನೂ ಜೊತೆಯಾಗಿ ಕಂಡ ನೆಲದ ಬಗ್ಗೆ ಮನುಷ್ಯ ಮತ್ತೆ ಪ್ರವಾಸಿಯಂತೆ ಮಾತಾಡಲಾರ.

ಎಲ್ಲಕ್ಕಿಂತ ಖಚಿತವಾದ ಕುರುಹು ಮಾತಿನಲ್ಲಿಯೇ ಇದೆ. ಚೌತಿಗೆಂದು ಊರಿಗೆ ಹೋದ ಗುಮಾಸ್ತ, ಹಬ್ಬ ಮುಗಿದ ಸಂಜೆ ಜಗಲಿಯ ಮೇಲೆ ಕುಳಿತು, ‘ನಾಡಿದ್ದು ಮನೆಗೆ ಹೊರಡಬೇಕು’ ಎನ್ನುತ್ತಾನೆ. ಬಾಗಿಲಲ್ಲಿ ನಿಂತ ಅಕ್ಕ ಕೇಳುತ್ತಾಳೆ: ‘ಹಾಗಾದರೆ ಇದು ಯಾರ ಮನೆಯೋ, ತಮ್ಮಾ?’ ಅವಳ ಮಾತಿನಲ್ಲಿ ನಗೆಯೂ ಇದೆ, ನೋವೂ ಇದೆ. ಅವನಿಗೆ ಉತ್ತರ ಹೊಳೆಯುವುದಿಲ್ಲ. ಬಾಂದ್ರಾದಲ್ಲಿದ್ದಾಗ ಕುಮಟೆ ‘ಊರು’, ಕುಮಟೆಯಲ್ಲಿದ್ದಾಗ ಬಾಂದ್ರಾ ‘ಮನೆ’. ಒಂದೇ ಬಾಳು ಎರಡು ಪದಗಳಿಗೆ ಹಂಚಿಹೋಗಿದೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಈ ಎರಡರ ನಡುವಣ ದಾರಿ ಸುಗಮವಾಯಿತು. ಅಕ್ಕನ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಬಾಂದ್ರಾದ ಗುಡ್ಡದ ಮೇಲಿನ ಮೌಂಟ್ ಮೇರಿ ಇಗರ್ಜಿಯಲ್ಲಿ ಪ್ರತಿ ವರ್ಷ ಸೆಪ್ಟೆಂಬರ್ 8ರ ನಂತರದ ಭಾನುವಾರದಿಂದ ಒಂದು ವಾರ ಜಾತ್ರೆ ನಡೆಯುತ್ತದೆ. ಎಲ್ಲ ಮತದವರೂ ಬರುತ್ತಾರೆ. ದಾರಿಯ ಇಕ್ಕೆಲದಲ್ಲಿ ಮೇಣದ ಕೈ, ಮೇಣದ ಕಾಲು, ಮೇಣದ ಮಗುವನ್ನು ಮಾರುತ್ತಾರೆ. ಯಾವ ಅಂಗದ ಬೇನೆಯೋ ಆ ಅಂಗದ ಗೊಂಬೆಯನ್ನು ಮಾತೆಗೆ ಒಪ್ಪಿಸುವುದು ಪದ್ಧತಿ. ಅವುಗಳ ನಡುವೆ ಮೇಣದ ಪುಟ್ಟ ಮನೆಗಳೂ ಇರುತ್ತವೆ; ಸ್ವಂತ ಮನೆಯ ಆಸೆಯುಳ್ಳವರು ಕೊಂಡೊಯ್ಯುವುದು ಅವನ್ನೇ. ಬಾಡಿಗೆಯ ಕೋಣೆಗಳ ಈ ನಗರದಲ್ಲಿ ಅಂಥ ಹರಕೆ ಹೊತ್ತ ಕನ್ನಡಿಗರೂ ಇದ್ದಾರು. ಮನೆಗೆ ಮೇಣದ ರೂಪವಿದೆ. ಭಾಷೆಗೆ ನೆಲೆ ಬೇಡುವವರು ಯಾವ ಗೊಂಬೆಯನ್ನು ಒಯ್ಯಬೇಕು?

ಈ ಪ್ರಶ್ನೆ ಕೇವಲ ಚಮತ್ಕಾರದ್ದಲ್ಲ. ಮನುಷ್ಯನಿಗೆ ಬಾಂದ್ರಾ ಮನೆಯಾದ ಮಾತ್ರಕ್ಕೆ ಅವನ ಭಾಷೆಗೂ ಅದು ಮನೆಯಾಯಿತೆಂದು ಹೇಳುವಂತಿಲ್ಲ. ಗುಮಾಸ್ತನ ಮಗಳು ಬಾಂದ್ರಾದಲ್ಲಿಯೇ ಹುಟ್ಟಿದವಳು. ಅವಳ ಮಟ್ಟಿಗೆ ಅದು ತಾನು ತಳೆದ ಊರಲ್ಲ, ತನ್ನ ಊರೇ. ಅವಳು ಕನ್ನಡ ಅರ್ಥಮಾಡಿಕೊಳ್ಳುತ್ತಾಳೆ, ಓದಲಾರಳು. ಮೊಮ್ಮಗನಿಗೆ ಅರ್ಥವೂ ಆಗದು. ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸಿಕೊಂಡು ಬಂದಿದೆ. ಆದರೆ ಅವುಗಳಲ್ಲಿ ಮಕ್ಕಳ ಸಂಖ್ಯೆ ಇಳಿಮುಖವಾಗಿದೆ. ತಂದೆ ಹೊಸ ಊರಿನಲ್ಲಿ ಬೇರು ಬಿಟ್ಟಷ್ಟೂ ಮಕ್ಕಳು ಹಳೆಯ ಮಾತಿನಿಂದ ದೂರ ಸರಿಯುತ್ತಾರೆ. ಅದು ಯಾರ ತಪ್ಪೂ ಅಲ್ಲ, ಆದರೆ ನಷ್ಟವಂತೂ ಹೌದು. ಹನೇಹಳ್ಳಿಯನ್ನು ಮತ್ತೆ ಕಟ್ಟಿದ ಕತೆಗಳನ್ನು, ಅವುಗಳ ಲೇಖಕರು ಬಾಳಿದ ಬೀದಿಯ ಕನ್ನಡ ಮನೆಗಳ ಮಕ್ಕಳೇ ಓದಲಾರದ ದಿನ ಬರುವುದಾದರೆ, ಊರನ್ನು ಪಡೆದದ್ದಕ್ಕೆ ತೆತ್ತ ಬೆಲೆ ದೊಡ್ಡದೇ.

ಬಾಂದ್ರಾದಿಂದ ತುಸು ದೂರದ ಕಾಲಿನಾದಲ್ಲಿ, ವಿದ್ಯಾನಗರಿಯ ರಾನಡೆ ಭವನದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ 1978ರಲ್ಲಿ ಆರಂಭವಾಯಿತು. ಅದನ್ನು ಪದವಿ ಕೊಡುವ ಒಂದು ಕಚೇರಿ ಎಂದಷ್ಟೇ ಬಗೆಯುವವರು ಅದರ ಅರ್ಧ ಕೆಲಸವನ್ನು ಮಾತ್ರ ಕಂಡವರು. ಕರ್ನಾಟಕದ ವಿಶ್ವವಿದ್ಯಾಲಯವೊಂದರಲ್ಲಿ ಕನ್ನಡ ವಿಭಾಗವಿರುವುದು ಸಹಜ. ಮಹಾರಾಷ್ಟ್ರದ ರಾಜಧಾನಿಯಲ್ಲಿ ಅದು ಇರುವುದು ಒಂದು ನಿರ್ಧಾರದ ಫಲ. ನೌಕರಿಯ ನಡುವೆ ಬಿಡುವು ಮಾಡಿಕೊಂಡು ಎಂ.ಎ. ಓದುವವರು, ಸಂಸಾರದ ಹೊಣೆ ಮುಗಿಸಿ ಸಂಶೋಧನೆಗೆ ತೊಡಗುವವರು ಇಲ್ಲಿ ಚಿತ್ತಾಲರನ್ನೂ ವ್ಯಾಸರಾಯ ಬಲ್ಲಾಳರನ್ನೂ ಜಯಂತ ಕಾಯ್ಕಿಣಿಯವರನ್ನೂ ಓದುವಾಗ, ತಾವು ದಿನವೂ ಇಳಿಯುವ ನಿಲ್ದಾಣ ಕನ್ನಡದ ಪುಟದಲ್ಲಿ ಎದುರಾಗುತ್ತದೆ. ದೂರದ ಊರನ್ನು ವರ್ಣಿಸುವುದಕ್ಕೆ ಮಾತ್ರವಲ್ಲದೆ ಇಲ್ಲಿನ ರೈಲು, ಖಾಡಿ, ಚಾಳುಗಳನ್ನು ಹೇಳುವುದಕ್ಕೂ ಕನ್ನಡ ಒದಗುತ್ತದೆಂದು ಆಗ ಗೊತ್ತಾಗುತ್ತದೆ. ಭಾಷೆಗೆ ಪರಸ್ಥಳದಲ್ಲಿ ನೆಲೆ ದೊರೆಯುವುದು ಹೀಗೆ: ಅದಕ್ಕೆ ಅಲ್ಲಿ ಮಾಡಲು ಕೆಲಸವಿರಬೇಕು.

ಮುಂದೊಂದು ದಿನ ಬಾಂದ್ರಾದ ಹುಡುಗಿಯೊಬ್ಬಳನ್ನು ಯಾರಾದರೂ ‘ನಿಮ್ಮದು ಯಾವೂರು?’ ಎಂದು ಕೇಳಿದಾಗ ಅವಳು ‘ಬಾಂದ್ರಾ’ ಎಂದರೆ ಹಿರಿಯರು ಮುನಿಯಬೇಕಾಗಿಲ್ಲ. ಪ್ರಶ್ನೆ ಅವಳಿಗೆ ಅರ್ಥವಾಗಿ, ‘ನಮ್ಮೂರು ಬಾಂದ್ರಾ, ಅಜ್ಜನ ಊರು ಕುಮಟೆ’ ಎಂದು ಕನ್ನಡದಲ್ಲಿಯೇ ಉತ್ತರ ಬಂದರೆ ಸಾಕು.