ನಾಲ್ಕನೆಯ ಸಾಲು

ಅಂಚೆ ಕಾರ್ಡಿನ ಕಾಲದಲ್ಲಿ ಕನ್ನಡಿಗರ ಪತ್ರಕ್ಕೆ ಸಿದ್ಧವಾದ ಒಂದು ಮೊದಲ ಸಾಲಿತ್ತು: ‘ಇಲ್ಲಿ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮ ಸಮಾಚಾರಕ್ಕೆ ಬರೆಯುತ್ತಿರಿ.’ ಮನೆಯಲ್ಲಿ ಮೂರು ಜನ ಜ್ವರದಿಂದ ಮಲಗಿದ್ದರೂ ಈ ಸಾಲು ತಪ್ಪುತ್ತಿರಲಿಲ್ಲ. ಜ್ವರದ ಸುದ್ದಿ ಸಾವಕಾಶವಾಗಿ ನಾಲ್ಕನೆಯ ಸಾಲಿನಲ್ಲಿ ಬರುತ್ತಿತ್ತು. ಈಗ ಕಾರ್ಡು ಬರೆಯುವವರು ಅಪರೂಪ; ಅಮೆರಿಕದಲ್ಲಿರುವ ಮಗನ ಮುಖವೇ ಅಂಗೈಯಗಲದ ಗಾಜಿನಲ್ಲಿ ಮೂಡುತ್ತದೆ. ಆದರೂ ಆ ಮೊದಲ ಸಾಲು ಮಾತ್ರ ಹಿರಿಯರ ನಾಲಗೆಯನ್ನು ಬಿಟ್ಟು ಕದಲಿಲ್ಲ. ವೃದ್ಧಾಶ್ರಮದ ಮಂಚದ ತುದಿಯಲ್ಲಿ ಕುಳಿತ ಎಂಬತ್ತರ ತಾಯಿಯನ್ನು ‘ಹೇಗಿದ್ದೀಯಮ್ಮಾ?’ ಎಂದು ಕೇಳಿದರೆ, ‘ನನಗೇನಪ್ಪಾ, ಚೆನ್ನಾಗಿದ್ದೇನೆ. ನಿನ್ನ ಊಟ ಆಯಿತೆ?’ ಎಂಬುದೇ ಉತ್ತರ. ನಾಲ್ಕನೆಯ ಸಾಲು ಬರುವುದೇ ಇಲ್ಲ.

ಬಾರದಿರುವುದಕ್ಕೆ ಕಾರಣಗಳುಂಟು. ದೂರದಲ್ಲಿರುವ ಮಕ್ಕಳನ್ನು ಸುಮ್ಮನೆ ಏಕೆ ನೋಯಿಸಬೇಕೆಂಬ ಮಮತೆ ಒಂದು. ತನ್ನಂಥವಳನ್ನು ಒಬ್ಬ ಆಯಾ ಗದರಿಸಿದಳೆಂದು ಬಾಯಿಬಿಟ್ಟು ಹೇಳಿಕೊಳ್ಳುವ ನಾಚಿಕೆ ಇನ್ನೊಂದು. ಎಲ್ಲಕ್ಕಿಂತ ದೊಡ್ಡದು ಭಯ. ದೂರು ಕೇಳಿದ ಮಗ ಸಂಜೆಯ ಬಸ್ಸಿಗೋ ವಿಮಾನಕ್ಕೋ ಹೊರಟುಬಿಡುತ್ತಾನೆ. ರಾತ್ರಿ ಎರಡು ಗಂಟೆಗೆ ನೀರು ಬೇಕಾದಾಗ ಕೈಯೊಡ್ಡಬೇಕಾದುದು ಅದೇ ಆಯಾಳ ಮುಂದೆ. ಗದರಿಸುವ ಕೈಯೂ ಅದೇ, ತುತ್ತು ಕೊಡುವ ಕೈಯೂ ಅದೇ ಆದಾಗ ಮನುಷ್ಯರು ಮೌನವನ್ನೇ ಲೇಸೆಂದು ಭಾವಿಸುವುದು ಸಹಜ.

ಈ ಭಯವನ್ನು ಮುಪ್ಪಿನ ಭ್ರಮೆಯೆಂದು ತಳ್ಳಿಹಾಕುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಹಲವು ದೇಶಗಳ ಅಧ್ಯಯನಗಳನ್ನು ಆಧರಿಸಿ ಪ್ರಕಟಿಸಿರುವ ಲೆಕ್ಕದಂತೆ, ಹಿರಿಯರ ಆರೈಕೆಯ ಸಂಸ್ಥೆಗಳಲ್ಲಿ ದುಡಿಯುವ ಮೂವರಲ್ಲಿ ಇಬ್ಬರು, ಹಿಂದಿನ ಒಂದು ವರ್ಷದಲ್ಲಿ ತಾವೇ ಯಾವುದಾದರೊಂದು ಬಗೆಯ ದುರ್ವರ್ತನೆ ನಡೆಸಿದ್ದಾಗಿ ಒಪ್ಪಿಕೊಂಡಿದ್ದಾರೆ. ಅದರಲ್ಲಿ ಕೈಯ ಏಟಿಗಿಂತ ಮಾತಿನ ಪೆಟ್ಟೇ ಹೆಚ್ಚು. ಮೂವರಲ್ಲಿ ಇಬ್ಬರು ರಾಕ್ಷಸರಾಗಿರಲು ಸಾಧ್ಯವಿಲ್ಲ. ಕಡಮೆ ಸಂಬಳ, ಹನ್ನೆರಡು ಗಂಟೆಯ ಪಾಳಿ, ಒಬ್ಬಳ ಪಾಲಿಗೆ ಹತ್ತಾರು ಹಾಸಿಗೆ, ಮರೆವಿನ ರೋಗಿಯೊಬ್ಬರು ನೂರನೆಯ ಸಲ ಕೇಳಿದ ಅದೇ ಪ್ರಶ್ನೆ—ಇವೆಲ್ಲ ಕೂಡಿದರೆ ಸಾಧು ಸ್ವಭಾವದವಳ ಸಹನೆಯೂ ಹರಿದುಹೋಗಬಹುದು. ಇದರಿಂದ ತಪ್ಪು ತಪ್ಪಲ್ಲವೆಂದಾಗುವುದಿಲ್ಲ. ಅದನ್ನು ಎಲ್ಲಿ ಹುಡುಕಬೇಕೆಂಬುದು ಮಾತ್ರ ತಿಳಿಯುತ್ತದೆ.

ಹೇಳದ ಸಾಲನ್ನು ಓದುವುದು ಕಣ್ಣಿನ ಕೆಲಸ. ಭೇಟಿಗೆ ಬಂದವರು ಹಣ್ಣಿನ ಚೀಲವನ್ನು ಕೆಳಗಿಟ್ಟು ಮೊದಲು ಪಾದಗಳನ್ನು ನೋಡುವುದು ಒಳ್ಳೆಯದು. ಕಾಲುಚೀಲ ಕಳಚಿ ಹಿಮ್ಮಡಿಯನ್ನೂ, ಸಾಧ್ಯವಾದರೆ ಬೆನ್ನಿನ ಕೆಳತುದಿಯನ್ನೂ ಪರೀಕ್ಷಿಸಬೇಕು. ಏಳಲಾರದವರನ್ನು ಗಂಟೆಗಟ್ಟಲೆ ಒಂದೇ ಮಗ್ಗುಲಲ್ಲಿ ಬಿಟ್ಟರೆ, ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮಕ್ಕೆ ರಕ್ತ ಹರಿಯದೆ ಹುಣ್ಣಾಗುತ್ತದೆ. ಬೆರಳಿನಿಂದ ಒತ್ತಿದರೂ ಮಾಸದ ಕೆಂಪು, ಕಪ್ಪು ಮೈಬಣ್ಣದವರಲ್ಲಿ ಸುತ್ತಲಿಗಿಂತ ಕಡುವಾದ ಬಣ್ಣ, ಅದರ ಮೊದಲ ಎಚ್ಚರಿಕೆ. ಮೊಣಕೈವರೆಗೆ ಜಾರುವ ಬಳೆ, ಸಡಿಲವಾದ ರವಿಕೆಯ ತೋಳು ತೂಕ ಇಳಿದ ಕಥೆ ಹೇಳುತ್ತವೆ. ಒಣಗಿದ ನಾಲಗೆಯಿಂದ ನೀರಿನ ಕೊರತೆ ತಿಳಿಯುತ್ತದೆ. ರಾತ್ರಿ ಬಟ್ಟೆ ಬದಲಿಸುವ ಕೆಲಸ ತಪ್ಪಲೆಂದು ಸಂಜೆಯ ನೀರನ್ನೇ ನಿಲ್ಲಿಸುವ ಜಾಣತನವೂ ಲೋಕದಲ್ಲುಂಟು. ಹಗಲು ಹನ್ನೊಂದಕ್ಕೂ ಮಂಪರಿನಲ್ಲಿ ತೂಗುತ್ತಿದ್ದರೆ ಯಾವ ಮಾತ್ರೆ, ಯಾವ ವೈದ್ಯರ ಅಪ್ಪಣೆಯಿಂದ ನಡೆಯುತ್ತಿದೆಯೆಂದು ಚೀಟಿ ನೋಡಿ ಕೇಳಬೇಕು.

ಆದರೆ ಕಂಡ ಕಲೆಯೆಲ್ಲ ಹೊಡೆತದ ಗುರುತಲ್ಲ. ಮುಪ್ಪಿನಲ್ಲಿ ಚರ್ಮ ತೆಳುವಾಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರಿಗೆ ಮಂಚದ ಅಂಚು ತಗಲಿದರೂ ಮುಂಗೈ ನೀಲಿಗಟ್ಟುತ್ತದೆ. ಎರಡೂ ಮಣಿಕಟ್ಟಿನ ಸುತ್ತ ಕಟ್ಟಿದಂಥ ಗುರುತು, ತೋಳಿನ ಒಳಭಾಗದಲ್ಲಿ ಬೆರಳುಗಳ ಅಚ್ಚು, ಕೇಳಿದಾಗಲೆಲ್ಲ ಬದಲಾಗುವ ವಿವರಣೆ—ಇವು ಸಂದೇಹಕ್ಕೆ ಅರ್ಹ. ಎಲ್ಲಕ್ಕಿಂತ ಸೂಕ್ಷ್ಮವಾದ ಗುರುತು ಮೈಮೇಲಿರುವುದಿಲ್ಲ. ಆಯಾ ಕೋಣೆಯೊಳಗೆ ಕಾಲಿಟ್ಟೊಡನೆ ಮಾತು ನಡುವೆ ನಿಂತು, ಕಣ್ಣು ಬಾಗಿಲಿನತ್ತ ಹೊರಳಿದರೆ, ಅಲ್ಲೇ ಇದೆ ನಾಲ್ಕನೆಯ ಸಾಲು.

ತಡೆಯುವ ಉಪಾಯಗಳು ಸರಳವಾದವು. ಸೇರಿಸುವ ಮುನ್ನ ಅಂಗಳದ ಹೂಕುಂಡಗಳನ್ನು ಮೆಚ್ಚುವುದಕ್ಕಿಂತ, ರಾತ್ರಿಪಾಳಿಯಲ್ಲಿ ಎಷ್ಟು ಜನಕ್ಕೆ ಎಷ್ಟು ಆಯಾಗಳೆಂದು ವಿಚಾರಿಸುವುದು ಹೆಚ್ಚು ಪ್ರಯೋಜನಕರ. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡುವಂತೆ ಕೇಳಬೇಕು. ಭೇಟಿಗೆ ಹೊತ್ತು ಗೊತ್ತು ಇರಕೂಡದು. ಒಮ್ಮೆ ಊಟದ ವೇಳೆ, ಒಮ್ಮೆ ಕತ್ತಲಾದ ಮೇಲೆ ಹೋಗಬೇಕು. ವಿಶ್ವಸಂಸ್ಥೆಯು ಜೂನ್ 15ನ್ನು ಹಿರಿಯರ ಮೇಲಿನ ದೌರ್ಜನ್ಯದ ವಿರುದ್ಧ ಜಾಗೃತಿಯ ದಿನವೆಂದು ಸಾರಿದೆ. ಆಶ್ರಮಕ್ಕೆ ಹೋಗತಕ್ಕ ದಿನವಾದರೋ, ಯಾರೂ ನಿರೀಕ್ಷಿಸದ ಒಂದು ಮಂಗಳವಾರ! ಊರಲ್ಲಿಲ್ಲದ ಮಕ್ಕಳು ಒಬ್ಬ ಬಂಧುವಿಗೋ ಹಳೆಯ ನೆರೆಯವರಿಗೋ ಈ ಹೊಣೆಯನ್ನು ಒಪ್ಪಿಸಬಹುದು. ಬೇರೆಯವರಿಲ್ಲದ ಕಡೆ ಕುಳಿತು, ‘ರಾತ್ರಿ ಕರೆದರೆ ಯಾರು ಬರುತ್ತಾರೆ? ಏನೆನ್ನುತ್ತಾರೆ?’ ಎಂದು ಮೆಲ್ಲನೆ ಕೇಳಬೇಕು. ‘ಚೆನ್ನಾಗಿದ್ದೇನೆ’ ಎಂಬ ಉತ್ತರಕ್ಕೆ ಆ ಪ್ರಶ್ನೆಯಲ್ಲಿ ಎಡೆಯಿಲ್ಲ. ಒಳ್ಳೆಯ ಆಯಾಳನ್ನು ಹೆಸರು ಹಿಡಿದು ಕರೆದು, ಅವಳ ಕಷ್ಟವನ್ನೂ ಎರಡು ಮಾತು ವಿಚಾರಿಸಿದರೆ ನಷ್ಟವೇನೂ ಇಲ್ಲ.

ಸಂದೇಹ ಬಲವಾದರೆ ಕೂಗಾಡಿ ಹೊರಟುಬರುವುದು ಅವಿವೇಕ. ಆ ಕೂಗಿನ ಬೆಲೆಯನ್ನು ರಾತ್ರಿ ಹಿರಿಯರೇ ತೆರಬೇಕಾದೀತು. ಕಂಡದ್ದನ್ನು ತಾರೀಖು ಸಹಿತ ಬರೆದು, ಚಿತ್ರ ತೆಗೆದು, ವೈದ್ಯರಿಗೆ ತೋರಿಸಿ, ಮೇಲ್ವಿಚಾರಕರಿಗೆ ಲಿಖಿತ ದೂರು ಕೊಡಬೇಕು. ಪ್ರಾಣಕ್ಕೆ ಅಪಾಯವೆನಿಸಿದರೆ ಅಲ್ಲಿಂದ ಕರೆತಂದ ಮೇಲೆಯೇ ಉಳಿದ ಮಾತು. ಹೊಡೆತವು ಆಶ್ರಮದೊಳಗೆ ಬಿದ್ದರೂ ಹೊಡೆತವೇ. ಅದಕ್ಕೆ ಪೊಲೀಸು ಠಾಣೆಯುಂಟು. 14567 ಎಂಬ ಹಿರಿಯರ ರಾಷ್ಟ್ರೀಯ ಸಹಾಯವಾಣಿಯೂ ಉಂಟು.

ಕಾನೂನಿನ ಬಲವೂ ಇಲ್ಲದಿಲ್ಲ. 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆಯಂತೆ, ಹಿರಿಯರ ರಕ್ಷಣೆಯ ಹೊಣೆಯುಳ್ಳವರು ಅವರನ್ನು ಸಂಪೂರ್ಣವಾಗಿ ತೊರೆಯುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋದರೆ 3 ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಶಿಕ್ಷೆಗಳು ಒದಗಬಹುದು. ಆದರೆ ತಿಂಗಳ ಹಣವನ್ನು ತಪ್ಪದೆ ಕಳುಹಿಸುತ್ತ, ತಾನು ಮಾತ್ರ ಬಾರದ ಮಗನನ್ನು ಈ ವಿಧಿ ಹಿಡಿಯುವುದು ಕಷ್ಟ. ಅಲ್ಲಿ ಅವನ ಮನಸ್ಸೇ ನ್ಯಾಯಾಧೀಶನಾಗಬೇಕು.

ಹೀಗೆ ಆಗಾಗ ಹೋಗಿಬರುವವರ ಕಣ್ಣಿಗೆ ಒಂದು ಸಂಗತಿ ಬೀಳದಿರದು. ತಾಯಿಯ ಪಕ್ಕದ ಹಾಸಿಗೆಯಲ್ಲಿ ಯಾರೂ ನೋಡಲು ಬಾರದ ಒಬ್ಬರಿರುತ್ತಾರೆ. ಕೇಳುವವರಿಲ್ಲದ ಮಂಚದ ಬಳಿ ಅಲಕ್ಷ್ಯ ಎಲ್ಲಕ್ಕಿಂತ ಸುಲಭವಾಗಿ ನೆಲೆಸುತ್ತದೆ. ತಂದ ಬಾಳೆಹಣ್ಣಿನಲ್ಲಿ ಒಂದನ್ನು ಅವರಿಗೂ ಕೊಟ್ಟು, ‘ಅಜ್ಜಿ, ನಿಮ್ಮ ಹಿಮ್ಮಡಿ ನೋಯುತ್ತದೆಯೆ?’ ಎಂದು ಕೇಳುವುದಕ್ಕೆ ಯಾವ ನೆಂಟಸ್ತಿಕೆಯ ಅಗತ್ಯವೂ ಇಲ್ಲ.