ಪ್ರಶ್ನೆಗೆ ಅಡ್ಡಿಯಾಗದ ನಾಚಿಕೆ

ಕಳೆದ ವರ್ಷ ಒಂದು ರಾತ್ರಿ ಇಶಾ ನಮಾಝಿನ ಬಳಿಕ ಎಲ್ಲರೂ ತೆರಳಿದರೂ ಒಬ್ಬ ಯುವಕ ಮಸೀದಿಯ ಕಂಬಕ್ಕೊರಗಿ ಕುಳಿತೇ ಇದ್ದ. ಹಿಂದೆ ನನ್ನ ಮದ್ರಸದಲ್ಲಿ ಕಲಿತವನು. ಈಗ ಇಪ್ಪತ್ತೇಳರ ಪ್ರಾಯ. ಆತನ ನಿಕಾಹ್‌ಗೆ ಮೂರೇ ವಾರ ಉಳಿದಿತ್ತು. ನಾನು ಹತ್ತಿರ ಹೋದಾಗ, "ಉಸ್ತಾದರೇ, ನಿಕಾಹ್ ಮುಂದೂಡುವಂತೆ ನಮ್ಮ ತಂದೆಯವರಲ್ಲಿ ತಾವೇ ಹೇಳಬೇಕು. ಒಬ್ಬ ಹೆಣ್ಣಿಗೆ ಮೋಸ ಮಾಡಲು ನನಗೆ ಮನಸ್ಸಿಲ್ಲ" ಎಂದ.

ಬಹಳ ಹೊತ್ತಿನ ನಂತರ ವಿಷಯ ಹೊರಬಂತು. ವರ್ಷಗಳಿಂದ ಆಗಾಗ ನಿದ್ದೆಯಲ್ಲಿ ಆತನಿಗೆ ಸ್ಖಲನವಾಗುತ್ತಿತ್ತು. ನಲವತ್ತು ಹನಿ ರಕ್ತ ಸೇರಿ ಒಂದು ಹನಿ ವೀರ್ಯವಾಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿದ್ದ. ಗೋಡೆಯ ಜಾಹೀರಾತುಗಳನ್ನು ಓದಿ, ದುಡಿದ ಹಣವನ್ನು ಚೂರ್ಣ ಲೇಹ್ಯಗಳಿಗೆ ಸುರಿದಿದ್ದ. ತಾನು ಬರಿದಾದವನು, ದಾಂಪತ್ಯಕ್ಕೆ ಅನರ್ಹ ಎಂಬ ತೀರ್ಮಾನಕ್ಕೆ ಬಂದಿದ್ದ. "ಮೊದಲೇ ಏಕೆ ಕೇಳಲಿಲ್ಲ ಮಗನೇ?" ಎಂದೆ. ತಲೆ ತಗ್ಗಿಸಿ ಆತ ಹೇಳಿದ: "ತರಗತಿಯಲ್ಲಿ ಆ ಪಾಠ ಬಂದಾಗ ತಾವು ಪುಟ ತಿರುಗಿಸಿದಿರಿ, ಉಸ್ತಾದರೇ. ಕೇಳಬಾರದ ವಿಷಯವೆಂದು ತಿಳಿದೆ."

ಆ ಮಾತು ಎದೆಗೆ ನಾಟಿತು. ಅದು ಸತ್ಯವಾಗಿತ್ತು. ಕರ್ಮಶಾಸ್ತ್ರದಲ್ಲಿ ಕಡ್ಡಾಯ ಸ್ನಾನದ ಅಧ್ಯಾಯ ಬಂದಾಗಲೆಲ್ಲ "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ನಾನು ಮುಂದೆ ಸಾಗುತ್ತಿದ್ದೆ. ಅದನ್ನೇ ಲಜ್ಜೆ ಎಂದು ಭಾವಿಸಿದ್ದೆ.

ಲಜ್ಜೆಯು ಈಮಾನಿನ ಭಾಗವೆಂಬುದರಲ್ಲಿ ಸಂಶಯವಿಲ್ಲ. ಆದರೆ ಪ್ರವಾದಿವರ್ಯರ(ಸ) ಸನ್ನಿಧಿಯಲ್ಲಿ ಲಜ್ಜೆಯ ರೂಪ ಬೇರೆಯಾಗಿತ್ತು. ಅನಸ್(ರ)ರ ತಾಯಿ ಉಮ್ಮು ಸುಲೈಮ್(ರ), ಅಲ್ಲಾಹನು ಸತ್ಯದ ವಿಷಯದಲ್ಲಿ ಸಂಕೋಚಪಡುವುದಿಲ್ಲ ಎಂದು ಪೀಠಿಕೆ ಹಾಕಿ, ಸ್ತ್ರೀಗೆ ಸ್ವಪ್ನದಲ್ಲಿ ಸ್ಖಲನವಾದರೆ ಸ್ನಾನ ಕಡ್ಡಾಯವೇ ಎಂದು ನೇರವಾಗಿ ಕೇಳಿದರು. ದ್ರವವನ್ನು ಕಂಡರೆ ಹೌದು ಎಂಬ ಉತ್ತರ ದೊರೆಯಿತು. ಪ್ರಶ್ನೆಗಾಗಿ ಆ ಮಹಿಳೆಯನ್ನು ಪ್ರವಾದಿವರ್ಯರು(ಸ) ಗದರಲಿಲ್ಲ. ಹಝ್ರತ್ ಅಲಿ(ರ)ಯವರಿಗೆ ಕಾಮೋದ್ರೇಕದ ವೇಳೆ ಒಸರುವ ತೆಳು ದ್ರವದ ತೊಂದರೆ ಹೆಚ್ಚಾಗಿತ್ತು. ತಾನು ಅಳಿಯನಾದುದರಿಂದ ಕೇಳಲು ಸಂಕೋಚವಾಗಿ, ಅವರು ಮಿಕ್ದಾದ್(ರ)ರ ಮೂಲಕ ಕೇಳಿಸಿದರು. ತೊಳೆದು ವುಝೂ ಮಾಡಿದರೆ ಸಾಕೆಂಬ ಉತ್ತರ ಬಂತು. ಅವರು ಲಜ್ಜೆಯನ್ನೂ ಬಿಡಲಿಲ್ಲ, ಪ್ರಶ್ನೆಯನ್ನೂ ಬಿಡಲಿಲ್ಲ.

ಆ ರಾತ್ರಿ ನಾನು ಗ್ರಂಥವನ್ನು ತಂದು, ಅಂದು ತಿರುಗಿಸಿದ್ದ ಪುಟವನ್ನೇ ತೆರೆದು ಓದಿ ಹೇಳಿದೆ. ಸ್ವಪ್ನಸ್ಖಲನವು ಪಾಪವಲ್ಲ, ನಿದ್ರಿಸುವವನ ಮೇಲೆ ಎಚ್ಚರಗೊಳ್ಳುವ ತನಕ ಹೊಣೆಗಾರಿಕೆ ಇಲ್ಲ. ಅದರಿಂದ ಉಪವಾಸ ಮುರಿಯುವುದಿಲ್ಲ. ಸ್ನಾನ ಮಾಡಿದರೆ ನಮಾಝಿಗೆ ಸಿದ್ಧ. ನಮ್ಮ ಶಾಫಿಈ ಮಝ್‌ಹಬ್‌ನಂತೆ ವೀರ್ಯವು ನಜಸೂ ಅಲ್ಲ.

ಮರುದಿನ ಆತನೊಡನೆ ವೈದ್ಯರ ಬಳಿಗೆ ಹೋದೆ. ಅವರು ಪರೀಕ್ಷಿಸಿ, ಯಾವ ದೋಷವೂ ಇಲ್ಲವೆಂದರು. ವೀರ್ಯವು ರಕ್ತದಿಂದ ಬಸಿದು ಬರುವ ವಸ್ತುವಲ್ಲ. ಅದರ ಬಹುಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳು ಸ್ರವಿಸುವ ದ್ರವ. ವೀರ್ಯಾಣುಗಳ ಪಾಲು ನೂರಕ್ಕೆ ಸುಮಾರು 2ರಿಂದ 5 ಮಾತ್ರ. ಪ್ರಾಯಕ್ಕೆ ಬಂದ ದಿನದಿಂದ ಅವುಗಳ ಉತ್ಪಾದನೆ ನಿರಂತರ ನಡೆಯುತ್ತದೆ. ಮುಗಿದುಹೋಗಲು ಅದು ಕೊಡದಲ್ಲಿ ತುಂಬಿಟ್ಟ ನೀರಲ್ಲ. ಆರೋಗ್ಯವಂತ ಪುರುಷನಲ್ಲಿ ಕನಸು ಕಾಣುವ ನಿದ್ರೆಯ ಹಂತಗಳಲ್ಲಿ ರಾತ್ರಿಗೆ ಹಲವು ಬಾರಿ ನಿಮಿರುವಿಕೆ ಉಂಟಾಗುವುದು ಸಹಜ.

ವೈದ್ಯರು ಇನ್ನೊಂದು ವಿಷಯವನ್ನೂ ತಿಳಿಸಿದರು. ಮನಸ್ಸು ನಿರಾಳವಾಗಿದ್ದಾಗ ನರಗಳ ಸೂಚನೆಯಂತೆ ರಕ್ತನಾಳಗಳು ಸಡಿಲಗೊಂಡು ರಕ್ತ ತುಂಬುತ್ತದೆ, ದೇಹ ಸ್ಪಂದಿಸುತ್ತದೆ. ಭಯಗೊಂಡರೆ ಅಡ್ರಿನಲಿನ್ ಅದೇ ನಾಳಗಳನ್ನು ಬಿಗಿಗೊಳಿಸುತ್ತದೆ. ಅಂದರೆ, ತಾನು ಅಶಕ್ತನೆಂಬ ಹೆದರಿಕೆಯೇ ಅಶಕ್ತಿಯನ್ನು ತರಬಲ್ಲದು. ವೀರ್ಯನಷ್ಟದ ಈ ಭಯ ನಮ್ಮ ದೇಶದಲ್ಲಿ ಎಷ್ಟು ಹಳೆಯದೆಂದರೆ, ಮನೋವೈದ್ಯ ಡಾ. ಎನ್. ಎನ್. ವಿಗ್ 1960ರಲ್ಲೇ ಅದಕ್ಕೆ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟಿದ್ದರು. ಮಧುಮೇಹದಂತಹ ಕಾಯಿಲೆಗಳಿಂದ ನಿಜವಾದ ತೊಂದರೆಗಳೂ ಬರುವುದುಂಟು. ಅವುಗಳಿಗೆ ವೈದ್ಯರಲ್ಲಿ ಚಿಕಿತ್ಸೆ ಇದೆ, ಗೋಡೆಯ ಜಾಹೀರಾತಿನಲ್ಲಿಲ್ಲ.

ಹಿಂತಿರುಗುವ ದಾರಿಯಲ್ಲಿ ಆತ ಮೆಲ್ಲನೆ, "ಇದೆಲ್ಲ ಕೀಳು ವಿಷಯವೆಂದುಕೊಂಡಿದ್ದೆ" ಎಂದ. ಪತಿಪತ್ನಿಯರು ಪರಸ್ಪರ ಉಡುಪಿನಂತೆ ಎಂದು ಪವಿತ್ರ ಕುರ್‌ಆನ್ ಕಲಿಸುತ್ತದೆ. ಅವರ ನಡುವಿನ ಪ್ರೀತಿ, ಕರುಣೆ, ನೆಮ್ಮದಿಯನ್ನು ಅಲ್ಲಾಹನ ದೃಷ್ಟಾಂತಗಳಲ್ಲಿ ಎಣಿಸುತ್ತದೆ. ದಾಂಪತ್ಯದ ಸಮಾಗಮಕ್ಕೂ ಪುಣ್ಯವಿದೆ ಎಂದು ಪ್ರವಾದಿವರ್ಯರು(ಸ) ಹೇಳಿದಾಗ ಸಹಾಬಿಗಳೇ ಅಚ್ಚರಿಪಟ್ಟಿದ್ದರು. ನಿಷಿದ್ಧ ಮಾರ್ಗದಲ್ಲಾದರೆ ಪಾಪವಿರುವಂತೆ ಧರ್ಮಸಮ್ಮತ ಮಾರ್ಗದಲ್ಲಿ ಪ್ರತಿಫಲವಿದೆ ಎಂದು ಅವರು ವಿವರಿಸಿದರು. ಪುಣ್ಯದ ಸಾಲಿಗೆ ಸೇರಿದ್ದು ಕೀಳಾಗುವುದು ಹೇಗೆ?

ನಿಕಾಹ್ ಗೊತ್ತುಪಡಿಸಿದ ದಿನವೇ ನಡೆಯಿತು. ಖುತ್ಬಾ ಓದುವಾಗ ನನ್ನ ಗಂಟಲು ಕಟ್ಟಿತು. ಆದರೆ ಆತ ಭಯದಲ್ಲಿ ಕಳೆದ ವರ್ಷಗಳನ್ನು ಹಿಂದಿರುಗಿಸಲು ನನ್ನಿಂದಾಗದು. ಆ ಪುಟವನ್ನು ಹಾರಿಸಿದ ಇನ್ನೆಷ್ಟು ತರಗತಿಗಳ ಮಕ್ಕಳು ಎಲ್ಲೆಲ್ಲಿ ಹೀಗೆ ಬೇಯುತ್ತಿದ್ದಾರೋ ಅಲ್ಲಾಹನೇ ಬಲ್ಲ.

ಈ ವರ್ಷದಿಂದ ಆ ಅಧ್ಯಾಯವನ್ನು ನಾನು ಬಿಡುತ್ತಿಲ್ಲ. ವುಝೂವಿನ ಪಾಠ ಹೇಳುವ ಧ್ವನಿಯಲ್ಲೇ ಹೇಳುತ್ತೇನೆ. ಹೆಣ್ಣುಮಕ್ಕಳಿಗೆ ಉಸ್ತಾದೆಯೇ ಕಲಿಸುತ್ತಾರೆ. ಮೊದಲ ದಿನ ಯಾರೋ ನಕ್ಕರು. ಎರಡನೆಯ ದಿನ ಎಲ್ಲರೂ ಮೌನವಾಗಿ ಬರೆದುಕೊಂಡರು. ಮೂರನೆಯ ದಿನ ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ನಾನು ಪುಸ್ತಕ ಕೆಳಗಿಟ್ಟು, "ಕೇಳು ಮಗನೇ" ಎಂದೆ.

ಪಾಲಕರೇ, ಗುರುಗಳೇ, ನಾವು ಮೌನ ವಹಿಸಿದ ಮಾತ್ರಕ್ಕೆ ನಮ್ಮ ಮಕ್ಕಳ ಪ್ರಶ್ನೆ ಸಾಯುವುದಿಲ್ಲ. ಅದು ಬೇರೊಂದು ಬಾಗಿಲು ತಟ್ಟುತ್ತದೆ. ಸತ್ಯವನ್ನು ಸಭ್ಯವಾಗಿ ಹೇಳುವ ಧೈರ್ಯವನ್ನು ಅಲ್ಲಾಹನು ನಮಗೆ ದಯಪಾಲಿಸಲಿ. ಆಮೀನ್.